ಕೆಂಪು ಚೌಕದ ಆಟ

"ನೀನು ಎಂತ ಕೇಳಿದ್ರೂ ಕೊಡಿಸ್ತೇನೆ" ಎಂದು ಲತೇಶ್ ಭಾವ ನನ್ನ ಮಗಳಿಗೆ ಮಾತು ಕೊಟ್ಟಾಗ ನಾನು ಪಕ್ಕದಲ್ಲೇ ಕುಳಿತು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದೆ. ಅವಳು ಏನು ಕೇಳಿಯಾಳು ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೀನು ಚೆನ್ನಾಗಿತ್ತು.

ಲತೇಶ್ ನನ್ನ ಹೆಂಡತಿ ದಮಯಂತಿಯ ಅಣ್ಣ. ಸಹಮ್‌ನ ಸೂಕಿನಲ್ಲಿ, ಎಂದರೆ ಪೇಟೆಯಲ್ಲಿ, ಪೈಪು, ನಲ್ಲಿ, ನೀರಿನ ಮೋಟರು ಮಾರುವ ಅಂಗಡಿಯೊಂದನ್ನು ತಮಗೆ ವೀಸಾ ಕೊಟ್ಟ ಮಾಲೀಕ ಕಫೀಲ್‌ನ ಪರವಾಗಿ ನೋಡಿಕೊಂಡು ಅರ್ಧ ಆಯುಷ್ಯ ಕಳೆದವರು. ಮದುವೆಯಾಗಲಿಲ್ಲ. ನನ್ನನ್ನು ಒಮಾನಿಗೆ ಕರೆಸಿದ್ದು ಅವರು, ತಂಗಿಯನ್ನು ಕೊಟ್ಟದ್ದು ಅವರು. ಯಶ್ಮಿತಾ ಹುಟ್ಟಿದಾಗ ನಾನು ಸಲಾಲಾದ ಕೆಲಸದಲ್ಲಿ ಸಿಕ್ಕಿಕೊಂಡಿದ್ದೆ; ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಆಗ ನಾವಿದ್ದ ಸಹಮ್‌ನ ಮನೆಗೆ ಬಂದದ್ದೂ ಅವರೇ. ನಮ್ಮದು ಅಳಿಯಕಟ್ಟಿನ ಕುಟುಂಬ. ವಂಶ ನಡೆಯುವುದು ಹೆಣ್ಣುಮಕ್ಕಳಿಂದ, ಆ ಮಕ್ಕಳ ವಿಷಯದಲ್ಲಿ ಕೊನೆಯ ಮಾತು ಸೋದರಮಾವನದು. ಊರಿನಲ್ಲಿ ಈಗ ಇದನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಇಲ್ಲಿ, ಸಮುದ್ರ ದಾಟಿ ಬಂದ ನಾವು, ಊರಿನವರಿಗಿಂತ ಹೆಚ್ಚು ಪಾಲಿಸುತ್ತೇವೆ.

ಹಾಗಾಗಿ ಮಗಳ ಹೆಸರು ಭಾವ ಇಟ್ಟದ್ದು, ಶಾಲೆ ಭಾವ ಹೇಳಿದ್ದು, ಅಲ್ ಖೌದ್‌ನ ಈ ಫ್ಲ್ಯಾಟು ಭಾವ ನೋಡಿ ಒಪ್ಪಿದ್ದು. ಮದುವೆಯಾದಂದಿನಿಂದ ನಾನು ಅವರಿಗೆ ಒಂದು ಸಲವೂ "ಬೇಡ" ಎಂದವನಲ್ಲ. ಅವರು ಹೇಳಿದ್ದು ಸಾಮಾನ್ಯವಾಗಿ ಸರಿಯೇ ಇರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಆ ದಿನ ಅವರು ಊಟಕ್ಕೆ ಬಂದದ್ದು ಹೊರಡುವ ಮೊದಲಿನ ಭೇಟಿಗೆ. ಹಳೆಯ ಕಫೀಲ್ ತೀರಿಕೊಂಡಿದ್ದರು, ಮಕ್ಕಳಿಗೆ ಪೈಪಿನ ವ್ಯಾಪಾರ ಬೇಡವಾಗಿತ್ತು. ಭಾವನ ವೀಸಾ ಕ್ಯಾನ್ಸಲ್ ಆಗಿ ಮುಂದಿನ ವಾರ ಮಂಗಳೂರಿಗೆ ಟಿಕೆಟ್ ಆಗಿತ್ತು. ಮತ್ತೆ ಬರುವ ಮಾತಿಲ್ಲ. ಯಶ್ಮಿತಾ ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಹೋಗುವ ಮೊದಲು ಸೊಸೆಯ ಕೈಗೆ ಒಂದು ಉಡುಗೊರೆ ಇಟ್ಟು ಹೋಗಬೇಕು ಎಂಬುದು ಅವರ ಆಸೆ.

"ಹೇಳು. ಎಂತ ಬೇಕು? ವಿಮಾನ ಒಂದು ಕೇಳ್ಬೇಡ."

ಯಶ್ಮಿತಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಮಾಮನ ಕಡೆ ತಿರುಗಿ ಒಂದು ವಿಡಿಯೊ ಆಟದ ಹೆಸರು ಹೇಳಿದಳು.

"ಗೇಮಾ? ಅಷ್ಟೇಯಾ? ನಿನ್ನ ಪಪ್ಪನ ಅಂಗಡಿಯಲ್ಲೇ ಸಿಗ್ತದಲ್ಲ ಹುಡುಗಿ!"

ಸಿಗುತ್ತಿತ್ತು. ನಾನು ಕೆಲಸ ಮಾಡುವುದು ಅಲ್ ಖೌದ್ ಪೇಟೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ, ಆಟದ ಡಿಸ್ಕುಗಳ ವಿಭಾಗ ನನ್ನದೇ. ಆ ಡಿಸ್ಕಿನ ಮೂಲೆಯಲ್ಲಿ ಕೆಂಪು ಚೌಕ ಇದೆ, ಚೌಕದೊಳಗೆ ಹದಿನೆಂಟು ಎಂದಿದೆ. ಗುಂಡು, ರಕ್ತ, ಕೆಟ್ಟ ಬೈಗುಳ, ಎಲ್ಲ ಸೇರಿ ಆ ಚೌಕ. ಮನೆಯಲ್ಲಿ ಆಟದ ಕನ್ಸೋಲ್ ಇತ್ತು, ಅದೂ ಮಾಮನೇ ಹಿಂದೊಮ್ಮೆ ಕೊಟ್ಟದ್ದು. ಡೌನ್‌ಲೋಡ್ ಮಾಡಿಕೊಳ್ಳೋಣವೆಂದರೆ ಪಾಸ್‌ವರ್ಡ್ ನನ್ನ ಬಳಿ. ಎರಡು ತಿಂಗಳಿನಿಂದ ಅವಳು ಕೇಳುತ್ತಿದ್ದಳು, ನಾನು ನೋಡೋಣ ನೋಡೋಣ ಎಂದು ಮುಂದೂಡುತ್ತಿದ್ದೆ.

"ಅದು ಆಗ್ಲಿಕ್ಕಿಲ್ಲ ಭಾವ" ಎಂದೆ. "ಕಾನೂನು ಉಂಟು. ಹದಿನೆಂಟು ಆಗದ ಮಕ್ಕಳಿಗೆ ಅದನ್ನು ಮಾರುವ ಹಾಗಿಲ್ಲ."

"ಅವಳಿಗೆ ಯಾರು ಮಾರುದು? ನನಗೆ ಮಾರಿ. ನನಗೆ ಹದಿನೆಂಟು ಆಗಿ, ತಲೆಯ ಕೂದಲೂ ಹೋಗಿ ಆಯ್ತು."

ದಮಯಂತಿ ಅಡುಗೆಮನೆಯಿಂದಲೇ ನಕ್ಕಳು.

"ಹಾಗಲ್ಲ. ಮಗುವಿಗೆ ಅಂತ ಗೊತ್ತಿದ್ದ ಮೇಲೆ ತಂದೆ ತಾಯಿ ಬರ್ಬೇಕು, ಇಲ್ಲದಿದ್ರೆ ಪೋಷಕರು. ಬತಾಕ ತೋರಿಸ್ಬೇಕು." ಬತಾಕ ಎಂದರೆ ನಮ್ಮ ಗುರುತಿನ ಕಾರ್ಡು, ಅದಿಲ್ಲದೆ ಇಲ್ಲಿ ಒಂದು ಸಿಮ್ಮೂ ಸಿಗುವುದಿಲ್ಲ.

ಭಾವ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ಪೋಷಕರು ಅಲ್ಲದಿದ್ರೆ ನಾನು ಮತ್ತೆ ಯಾರು?"

"ಅಂಗಡಿಯಲ್ಲಿ ಕೇಳಿ ನೋಡ್ತೇನೆ" ಎಂದೆ. ಕೈ ತೊಳೆಯಲು ಎದ್ದಾಗ ದಮಯಂತಿ ಸಣ್ಣ ದನಿಯಲ್ಲಿ, "ಅಣ್ಣ ಮಾತು ಕೊಟ್ಟಾಯ್ತು. ಹೋಗುವವರ ಮನಸ್ಸಿಗೆ ಬೇಜಾರು ಮಾಡಿ ಕಳಿಸುದು ಬೇಡ" ಎಂದಳು. ಆಟ ಯಾವುದು ಎಂದು ಅವಳಿಗೂ ಗೊತ್ತಿರಲಿಲ್ಲ. ನಾನೂ ವಿವರಿಸಲಿಲ್ಲ. ಕಾನೂನು ಇದೆಯಲ್ಲ, ಅದು ತಡೆಯುತ್ತದೆ, ನಾನು ಭಾವನ ಎದುರು ಕೆಟ್ಟವನಾಗಬೇಕಿಲ್ಲ ಎಂದು ಒಳಗೊಳಗೆ ಸಮಾಧಾನವೇ ಆಗಿತ್ತು.

ಮಕ್ಕಳಿಗೆ ಇಂಥದ್ದು ಮಾರಬಾರದೆಂಬ ಮಾತು ನಮ್ಮ ಅಂಗಡಿಗೆ ಹೊಸದೇನಲ್ಲ. ಮೊದಲೆಲ್ಲ ನೋಡಿಯೂ ನೋಡದ ಹಾಗೆ ನಡೆಯುತ್ತಿತ್ತು. ಆ ವರ್ಷ ಮಾಲೀಕರು ಬಿಗಿ ಮಾಡಿದರು. ಕೆಂಪು ಚೌಕದ ಡಿಸ್ಕುಗಳೆಲ್ಲ ಕೌಂಟರಿನ ಹಿಂದಿನ ಗಾಜಿನ ಕಪಾಟಿಗೆ ಹೋದವು, ಕೀಲಿಕೈ ನನ್ನ ಸೊಂಟಕ್ಕೆ ಬಂತು. ಬತಾಕದಲ್ಲಿ ಹುಟ್ಟಿದ ತಾರೀಕು ನೋಡದೆ ಕಪಾಟು ತೆಗೆಯುವಂತಿಲ್ಲ.

ಕಾರ್ಡು ನೋಡುವುದು ಕಾನೂನು. ಅದರ ಜೊತೆ ನನ್ನದೊಂದು ಪದ್ಧತಿಯನ್ನು ನಾನೇ ಸೇರಿಸಿಕೊಂಡಿದ್ದೆ. ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪಂದಿರಲ್ಲಿ ಮುಕ್ಕಾಲು ಪಾಲು ಜನ ಡಿಸ್ಕಿನ ಮುಖ ಕೂಡ ನೋಡುವುದಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಬತಾಕ ಚಾಚುತ್ತಾರೆ. ಅಂಥವರಿಗೆ ನಾನು, "ಒಂದು ನಿಮಿಷ ಸರ್, ಹೇಗಿದೆ ನೋಡಿ" ಎಂದು ಅಂಗಡಿಯ ದೊಡ್ಡ ಟೀವಿಯಲ್ಲಿ ಆಟ ಹಾಕಿ ತೋರಿಸುತ್ತಿದ್ದೆ. ಕೆಲವರು ನೋಡಿ, ಮಗನ ಕಿವಿ ಹಿಡಿದು ವಾಪಸು ಹೋದದ್ದುಂಟು. ನಮ್ಮ ಮ್ಯಾನೇಜರ್ ಜೆಫ್ರಿಗೆ ಇದು ಅಷ್ಟೇನೂ ಹಿಡಿಸಿರಲಿಲ್ಲ. ಅವರು ಮಂಗಳೂರಿನ ಬೆಂದೂರು ಕಡೆಯವರು, ನನ್ನ ಜೊತೆ ತುಳುವಿನಲ್ಲೇ ಮಾತು. "ನೀವು ಮಾರುವವರಾ, ಬುದ್ಧಿ ಹೇಳುವವರಾ?" ಎಂದು ಕೆಣಕುತ್ತಿದ್ದರು. ಆದರೂ ತಡೆಯಲಿಲ್ಲ, ಒಂದು ಷರತ್ತು ಮಾತ್ರ ಹಾಕಿದರು. ಯಶ್ಮಿತಾ ಕೇಳುತ್ತಿದ್ದ ಆ ಆಟದ ಡೆಮೊದಲ್ಲಿ ಹಿಮದ ಲೆವೆಲ್ ಮಾತ್ರ ಹಾಕಬೇಕು. ಊರಿನೊಳಗೆ ನಡೆಯುವ ಲೆವೆಲ್ ಹಾಕಬಾರದು. "ಇಲ್ಲಿನ ಕಸ್ಟಮರ್ ಎದುರು ಅದು ಚೆಂದ ಅಲ್ಲ."

ಸರಿ ಎಂದಿದ್ದೆ. ಯಾಕೆ ಚೆಂದ ಅಲ್ಲ ಎಂದು ಕೇಳಿರಲಿಲ್ಲ. ಕೆಲಸದ ಜಾಗದಲ್ಲಿ ಹತ್ತು ಹೇಳುತ್ತಾರೆ, ನಾವು ಹತ್ತನ್ನೂ ಮಾಡುತ್ತೇವೆ.

ಭಾವ ಊಟಕ್ಕೆ ಬರುವ ಎರಡು ದಿನ ಮೊದಲು ಧಾರವಾಡ ಕಡೆಯ ಎಂಜಿನಿಯರ್ ಬಸವಕುಮಾರ ಮಗನ ಜೊತೆ ಬಂದು ಅದೇ ಆಟ ಕೇಳಿದರು. ನಾನು ಹಿಮದ ಲೆವೆಲ್ ಹಾಕಿದೆ. ಬಿಳಿ ಬೆಟ್ಟ, ಮುಖ ಮುಚ್ಚಿಕೊಂಡ ಸೈನಿಕರು, ದೂರದಿಂದ ಗುಂಡು. ಬಿದ್ದವರ ಮೇಲೆ ಹಿಮ ಸುರಿಯುತ್ತದೆ. ಬಸವಕುಮಾರ ಕೈಕಟ್ಟಿ ನೋಡಿದರು.

"ಇದರಾಗ ಏನ್ ಐತ್ರೀ ಹೆದರೂದು? ಮಂಜಿನಾಗ ಓಡ್ಯಾಡಲಿಕ್ಹತ್ಯಾರ. ನಮ್ಮ ಟೀವಿ ನ್ಯೂಸ್ ಇದಕ್ಕಿಂತ ಜೋರ್ ಇರ್ತದ."

"ನಿಮ್ಮ ಇಷ್ಟ ಸರ್."

"ಕೊಡ್ರಿ ಕೊಡ್ರಿ. ಮನ್ಯಾಗ ಜೀವಾ ತಿಂತಾನ ಇಂವ."

ಬತಾಕ ನೋಡಿದೆ, ಬಿಲ್ ಮಾಡಿದೆ. ಅವರ ಮಗ ಯಶ್ಮಿತಾಳ ಕ್ಲಾಸಿನವನು. ಸಂಜೆಯೊಳಗೆ ಅವಳಿಗೆ ಸುದ್ದಿ ಮುಟ್ಟಿತ್ತು. ಕ್ಲಾಸಿನ ಗುಂಪು ಸಂಜೆ ಹೊತ್ತು ಆನ್‌ಲೈನಿನಲ್ಲಿ ಒಟ್ಟಾಗಿ ಆಡುತ್ತದಂತೆ. ಮಾರನೆಯ ದಿನ ಶಾಲೆಯಲ್ಲಿ ಮಾತೆಲ್ಲ ಅದರದೇ. ಈಗ ಆ ಗುಂಪಿನ ಹೊರಗೆ ಉಳಿದವಳು ಇವಳೊಬ್ಬಳು. "ಪಪ್ಪ, ನೀವೇ ಅವನಿಗೆ ಕೊಟ್ರಿ" ಎಂದಳು, ಅಷ್ಟೇ. ಊಟ ಮಾಡದೆ ಎದ್ದು ಹೋದಳು. ಅದಾದ ಮೇಲೆ ಮಾಮ ಬಂದು ಏನು ಬೇಕೆಂದು ಕೇಳಿದ್ದು.

ಶುಕ್ರವಾರ ಸಂಜೆ ಅಂಗಡಿ ತುಂಬಿರುತ್ತದೆ. ಯುನಿವರ್ಸಿಟಿಯ ಹುಡುಗರು, ಮಕ್ಕಳು ಮರಿ ಕಟ್ಟಿಕೊಂಡು ಬಂದ ಸಂಸಾರಗಳು, ಏನೂ ಕೊಳ್ಳದೆ ಏಸಿಗೆ ನಿಂತವರು. ಗಾಜಿನ ಬಾಗಿಲು ತಳ್ಳಿಕೊಂಡು ಲತೇಶ್ ಭಾವ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ಯಶ್ಮಿತಾ, ಮುಖ ಅರಳಿಸಿಕೊಂಡು. ಅವಳನ್ನು ಹಾಗೆ ನೋಡದೆ ದಿನವಾಗಿತ್ತು.

"ಅಂಗಡಿಯಲ್ಲಿ ಕೇಳಿದ್ರಾ?" ಎಂದರು ಭಾವ. ನಾನು ಕೇಳಿರಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆಂದು ಕೇಳಿರಲಿಲ್ಲ.

"ಇವತ್ತು ರಶ್ ಭಾವ, ಸ್ವಲ್ಪ ನಿಲ್ಲಿ..."

"ನಿಲ್ಲುವ. ಅಷ್ಟರಲ್ಲಿ ಅದು ಹೇಗುಂಟು ಅಂತ ನನಗೂ ತೋರ್ಸಿ. ಎಲ್ರಿಗೂ ತೋರಿಸ್ತೀರಂತಲ್ಲ, ಇವಳು ಹೇಳಿದ್ಳು. ನಾನು ಕೊಡಿಸುದು ಎಂತ ಅಂತ ನನಗೆ ಗೊತ್ತಿರುದು ಬೇಡ್ವಾ?"

ನಾನು ಟೀವಿಯ ಹತ್ತಿರ ಹೋಗುವಷ್ಟರಲ್ಲಿ ಯಶ್ಮಿತಾ ಆಟದ ಕಂಟ್ರೋಲರು ಎತ್ತಿಕೊಂಡಾಗಿತ್ತು. "ನಾನು ತೋರಿಸ್ತೇನೆ ಮಾಮ." ಹಿಮದ ಬೆಟ್ಟ ಪರದೆಯ ಮೇಲೆ ಬಂತು. "ಇದು ಬೋರಿಂಗ್. ನನ್ನ ಫ್ರೆಂಡ್ಸ್ ಎಲ್ಲ ಆಡುದು ಬೇರೆ ಮ್ಯಾಪ್" ಎಂದು ಅವಳು ಪಟಪಟನೆ ಏನೋ ಒತ್ತಿದಳು. ನಾನು ಜೆಫ್ರಿಯ ಕಡೆ ನೋಡಿದೆ. ಅವರು ಆ ತುದಿಯಲ್ಲಿ ಯಾರಿಗೋ ವಾಷಿಂಗ್ ಮೆಷೀನು ವಿವರಿಸುತ್ತಿದ್ದರು.

ಪರದೆಯ ಮೇಲೆ ಒಂದು ಬೀದಿ ತೆರೆದುಕೊಂಡಿತು.

ಮಣ್ಣಿನ ಬಣ್ಣದ ತಗ್ಗು ಮನೆಗಳು. ಹಸಿರು ಕಬ್ಬಿಣದ ಬಾಗಿಲು, ಬಾಗಿಲ ಮೇಲೆ ಕಬ್ಬಿಣದ್ದೇ ಹೂಬಳ್ಳಿ. ತಾರಸಿಯಲ್ಲಿ ನೀರಿನ ಟಾಂಕಿ. ಗೋಡೆಯಾಚೆ ಖರ್ಜೂರದ ಮರ. ಅರ್ಧ ಎಳೆದ ಶಟರು, ಅದರ ಮೇಲೆ ಅರಬ್ಬಿ ಬೋರ್ಡು, ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ.

"ಅರೆ!" ಎಂದರು ಭಾವ. "ಇದು ನಮ್ಮ ಸೂಕ್ ಅಲ್ವಾ? ಸಹಮ್‌ನಲ್ಲಿ ಬಂದು ಫೋಟೋ ತೆಗ್ದು ಮಾಡಿದ ಹಾಗೆ ಉಂಟು. ನೋಡಿ ಭಾವ, ಆ ಬಾಗ್ಲು ನೋಡಿ!"

ಅವರಿಗೆ ಖುಷಿಯಾಗಿತ್ತು. ನಮ್ಮ ಊರು ಟೀವಿಯಲ್ಲಿ ಬಂದರೆ ಆಗುವಂಥ ಖುಷಿ. ಕುರ್ಚಿಯ ಪಕ್ಕದಿಂದ ಒಬ್ಬ ಎದ್ದ. ಉದ್ದನೆಯ ನಿಲುವಂಗಿ, ತಲೆಗೆ ಸುತ್ತಿದ ಬಟ್ಟೆ. "ಯಲ್ಲಾ, ಯಲ್ಲಾ" ಎಂದು, ಬೇಗ ಬಾ ಎನ್ನುವ ಹಾಗೆ, ಯಾರನ್ನೋ ಕೂಗಿದ. ಯಶ್ಮಿತಾಳ ಹೆಬ್ಬೆರಳು ಆಡಿತು. ಅವನು ಶಟರಿಗೆ ಬಡಿದು ಕೆಳಗೆ ಬಿದ್ದ. ಶಟರಿನ ಮೇಲೆ ರಕ್ತ ಗೀರಿತು.

"ಇವ ಎಂತ ಮಾಡಿದ?"

"ಎನಿಮಿ, ಮಾಮ."

"ಅದು ಹೇಗೆ ಗೊತ್ತಾಗುದು?"

"ತಲೆಯ ಮೇಲೆ ಕೆಂಪು ಚುಕ್ಕೆ ಬರ್ತದೆ."

"ಕೈಯಲ್ಲಿ ಎಂತ ಇರ್ಲಿಲ್ಲ ಅವನದ್ದು."

"ಇತ್ತು ಮಾಮ, ಗನ್ ಇತ್ತು. ಯು ಡಿಡಂಟ್ ಸೀ." ಇನ್ನೊಬ್ಬ ಬಿದ್ದ. ಮೇಲಿನ ತಾರಸಿಯಿಂದ ಮತ್ತೊಬ್ಬ.

ನಮ್ಮ ಅಂಗಡಿಯಲ್ಲಿ ಮೊಬೈಲು ಮಾರುವ ಸಾಲಿಂ ಅಲ್ಲಿಗೆ ಬಂದ. ಇಲ್ಲಿಯವನೇ, ಯುನಿವರ್ಸಿಟಿ ಮುಗಿಸಿದ ಹುಡುಗ. ಪರದೆ ನೋಡಿ ನಗು. "ಈ ಮ್ಯಾಪ್ ನನ್ನ ಫೇವರಿಟ್" ಎಂದ, ಹಿಂದಿಯಲ್ಲಿ. "ಆ ಬೋರ್ಡಿನ ಅರಬ್ಬಿ ನೋಡಿ ಭಾಯ್, ಅಕ್ಷರ ಎಲ್ಲ ಬಿಡಿ ಬಿಡಿ, ಉಲ್ಟಾ. ಯಾವನೋ ಗಧಾ ಬರೆದದ್ದು!"

"ನೀನು ಇದನ್ನು ಆಡ್ತೀಯಾ?" ಭಾವ ಕೇಳಿದರು.

"ರೋಜ್."

"ಬೇಜಾರಾಗುದಿಲ್ವಾ?"

"ಗೇಮ್ ಹೈ, ಭಾಯ್." ಸಾಲಿಂ ಭುಜ ಕುಣಿಸಿದ. "ಬೇಜಾರು ಮಾಡಿಕೊಂಡರೆ ಆಡಲು ಏನು ಉಳಿಯುತ್ತದೆ? ಎಲ್ಲದರಲ್ಲೂ ಸಾಯುವವರು ನಾವೇ." ಹೇಳಿ, ಯಾರೋ ಗಿರಾಕಿ ಕರೆದರೆಂದು ಹೋದ.

ಸಾಲಿಂ ಹೇಳಿದ್ದು ತಮಾಷೆಗೆ. ಭಾವ ನಗಲಿಲ್ಲ. ನಾನು ಪರದೆ ನೋಡುತ್ತ ನಿಂತೆ. ಈ ಲೆವೆಲನ್ನು ನಾನು ನೋಡದವನಲ್ಲ. ಡಿಸ್ಕು ಪರೀಕ್ಷಿಸುವಾಗ ಎಷ್ಟೋ ಸಲ ನೋಡಿದ್ದೇನೆ. ರಕ್ತ ನೋಡಿದ್ದೆ, ಬೈಗುಳ ಕೇಳಿಸಿಕೊಂಡಿದ್ದೆ, ಕೆಂಪು ಚೌಕ ಸರಿಯಾಗಿದೆ ಎಂದುಕೊಂಡಿದ್ದೆ. ಗುಂಡು ಇದೆಯೇ, ಎಷ್ಟಿದೆ ಎಂದು ಆ ಚೌಕ ಹೇಳುತ್ತದೆ. ಯಾರ ಮನೆಯ ಬಾಗಿಲಲ್ಲಿ, ಯಾರ ಮೇಲೆ ಎಂದು ಹೇಳುವುದಿಲ್ಲ. ನಾನು ಅಷ್ಟೊಂದು ಅಪ್ಪಂದಿರನ್ನು ನಿಲ್ಲಿಸಿ, ನೋಡಿ ನೋಡಿ ಎಂದು ತೋರಿಸಿದ್ದೂ ಹಿಮವನ್ನೇ. ಬಸವಕುಮಾರ ಮಂಜಿನಲ್ಲಿ ಏನಿದೆ ಎಂದದ್ದು ಸುಳ್ಳಲ್ಲ; ಅವರಿಗೆ ನಾನು ತೋರಿಸಿದ್ದೇ ಅಷ್ಟು.

"ಸಾಕು ಮಗಾ, ನಿಲ್ಸು" ಎಂದರು ಭಾವ.

"ಇನ್ನು ಸ್ವಲ್ಪ ಮಾಮ, ಮಿಷನ್ ಮುಗೀತದೆ."

"ಸಾಕು ಅಂದೆ."

ಬೀದಿ ನಿಂತಿತು, ಬಿದ್ದವನೊಬ್ಬನ ಮೇಲೆ. ಭಾವ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಅವರ ಕಫೀಲ್ ಸಂಜೆ ಹೊತ್ತು ಅಂಗಡಿಯ ಮುಂದೆ ಇಂಥದ್ದೇ ಕುರ್ಚಿ ಹಾಕಿ ಕೂರುತ್ತಿದ್ದರು, ಎದುರಿನ ಕುರ್ಚಿಯಲ್ಲಿ ಭಾವ. ಇಬ್ಬರ ನಡುವೆ ಖರ್ಜೂರದ ತಟ್ಟೆ, ಕಹ್ವಾ ಕಾಫಿಯ ಫ್ಲಾಸ್ಕು. ಯಶ್ಮಿತಾ ಮಗುವಾಗಿದ್ದಾಗ ಆ ತಟ್ಟೆಗೇ ಕೈಹಾಕುತ್ತಿದ್ದಳು. ಇದನ್ನೆಲ್ಲ ಭಾವ ಅಲ್ಲಿ ಹೇಳಲಿಲ್ಲ. ನನಗೇ ನೆನಪಿಗೆ ಬಂತು.

ಅವರು ಜೇಬಿನಿಂದ ಬತಾಕ ತೆಗೆದು ಕೌಂಟರಿನ ಮೇಲೆ ಇಟ್ಟರು. "ಬಿಲ್ ಮಾಡಿ" ಎಂದರು. ದನಿಯಲ್ಲಿ ಉತ್ಸಾಹವೇ ಇರಲಿಲ್ಲ. ಮಾತು ಕೊಟ್ಟಾಗಿತ್ತು. ಮುಂದಿನ ವಾರ ಹೋಗುವವರು ಸೊಸೆಗೆ ಕೊಟ್ಟ ಮಾತು ಮುರಿದು ಹೋಗುವುದು ಹೇಗೆ? ಕಾರ್ಡಿನ ಮೇಲಿನ ಬೆರಳು ತೆಗೆಯದೆಯೇ ಅವರು ನನ್ನ ಮುಖ ನೋಡಿದರು.

"ನೀವು ಅವತ್ತು ಎಂತದೋ ಹೇಳಿದ್ರಿ ಅಲ್ವಾ ಭಾವ, ಕಾನೂನು? ಪೋಷಕರೇ ಬೇಕು ಅಂತ? ಮಾಮ ಆದ್ರೆ ಆಗುದಿಲ್ಲ ಅಂತ?"

ಅವರು ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ನಾನು ಮನೆಯಲ್ಲಿ ಯಾವುದರ ಹಿಂದೆ ಅವಿತುಕೊಂಡಿದ್ದೆನೋ ಅದರ ಹಿಂದೆ ಈಗ ಅವರಿಗೂ ಜಾಗ ಬೇಕಿತ್ತು. ಕಾನೂನು ಅಡ್ಡ ಬಂದುಬಿಟ್ಟರೆ ಮಾಮ ಮಾತು ತಪ್ಪಿದ ಹಾಗೂ ಅಲ್ಲ, ಆಟ ಮನೆಗೆ ಬಂದ ಹಾಗೂ ಅಲ್ಲ.

"ಹೌದು ಭಾವ, ಅದು..." ಎಂದು ನಾನು ಬಾಯಿ ತೆರೆಯುವಾಗಲೇ ಜೆಫ್ರಿ ಬಂದರು.

"ಓಹೋ, ಲತೇಶಣ್ಣ! ಊರಿಗೆ ಹೊರಟ್ರಂತೆ? ನಮ್ಮನ್ನೆಲ್ಲ ಬಿಟ್ಟು?" ಕೈ ಕುಲುಕಿದರು. ಕೌಂಟರಿನ ಮೇಲಿನ ಕಾರ್ಡು ನೋಡಿದರು, ಯಶ್ಮಿತಾಳನ್ನು ನೋಡಿದರು, ನನ್ನನ್ನು ನೋಡಿದರು. "ಎಂತ ಸಮಸ್ಯೆ?"

ನಾನು ಹೇಳಿದೆ. ತಂದೆ ತಾಯಿ ಅಥವಾ ಪೋಷಕರು ಎಂದಿದೆ, ಇವರು ಸೋದರಮಾವ.

ಜೆಫ್ರಿ ಜೋರಾಗಿ ನಕ್ಕರು. "ಅಯ್ಯೋ ಮಾರಾಯ್ರೆ, ನೀವು ಘಟ್ಟದ ಮೇಲಿನವರ ಹತ್ರ ಹೇಳಿದ ಹಾಗೆ ನನ್ನ ಹತ್ರ ಹೇಳ್ತೀರಲ್ಲ! ನಿಮ್ಮದು ಅಳಿಯಕಟ್ಟು. ನಿಮ್ಮಲ್ಲಿ ಅಪ್ಪನೇ ಗೆಸ್ಟ್, ಮಾಮನೇ ಪೋಷಕ. ಇವರಿಗಿಂತ ದೊಡ್ಡ ಪೋಷಕ ಇನ್ನು ಎಲ್ಲಿಂದ ತರುದು? ಬತಾಕ ಉಂಟು, ವಯಸ್ಸು ಉಂಟು. ಮಾಡಿ ಬಿಲ್, ಖಲಾಸ್." ಲತೇಶ್ ಭಾವನ ಬೆನ್ನು ತಟ್ಟಿದರು. "ಹೋಗುವಾಗ ಸೊಸೆಗೆ ಕೊಡುದು, ಅದಕ್ಕೆ ನಾವು ಅಡ್ಡ ಬರುದಾ?"

ಉಪಕಾರ ಮಾಡಿದ ತೃಪ್ತಿ ಅವರ ಮುಖದ ಮೇಲೆ. ಕೆಟ್ಟ ಮನುಷ್ಯರಲ್ಲ ಜೆಫ್ರಿ. ಭಾವ ಮೆಲ್ಲನೆ ಕಾರ್ಡಿನಿಂದ ಬೆರಳು ತೆಗೆದರು. ಯಶ್ಮಿತಾ ಆಗಲೇ ಫೋನು ತೆಗೆದು ಗುಂಪಿಗೆ ಏನೋ ಟೈಪ್ ಮಾಡುತ್ತಿದ್ದಳು.

ಕೀಲಿಕೈ ನನ್ನ ಸೊಂಟದಲ್ಲಿತ್ತು. ನಾನು ಕಪಾಟಿನ ಹತ್ತಿರ ಹೋದೆ. ಕೀಲಿ ತಿರುಗಿಸಿದೆ. ಗಾಜು ಸರಿಸಲು ಕೈ ಬರಲಿಲ್ಲ. ಈ ಆಟ ಆಡಿ ನನ್ನ ಮಗಳು ಕೆಟ್ಟವಳಾಗುತ್ತಾಳೆ ಎಂದು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಸಾಲಿಂ ದಿನವೂ ಆಡುತ್ತಾನೆ, ಅವನ ಕೈಯಲ್ಲಿ ಒಂದು ಜಿರಳೆ ಸಾಯುವುದಿಲ್ಲ. ನನ್ನನ್ನು ನಿಲ್ಲಿಸಿದ್ದು ಬೇರೆ. ಕುರ್ಚಿಯಿಂದ ಎದ್ದವನ ಮುಖ ನಾನು ನೋಡುವ ಮೊದಲೇ ಅವಳ ಹೆಬ್ಬೆರಳು ಆಡಿಯಾಗಿತ್ತು. ಹುಟ್ಟಿದ ಬೀದಿ ಅವಳಿಗೆ ಗುರುತು ಸಿಗಲಿಲ್ಲ, ಮಾಮನಿಗೆ ಮಾತ್ರ ಸಿಕ್ಕಿತು.

ವಾಪಸು ಬಂದೆ. "ಬೇಡ ಭಾವ."

"ಎಂತ ಬೇಡ?" ಎಂದರು ಜೆಫ್ರಿ. "ನಾನು ಹೇಳಿದೆನಲ್ಲ, ಕಾನೂನಿಗೆ ತೊಂದರೆ ಇಲ್ಲ."

"ಕಾನೂನು ಅಲ್ಲ. ನಾನು ಹೇಳ್ತಿದ್ದೇನೆ. ಇದು ಅವಳಿಗೆ ಈಗ ಬೇಡ. ನೀವು ಕೊಟ್ಟ ಮಾತು ಹೌದು ಭಾವ, ಆದ್ರೂ ಬೇಡ. ನಾನು ಅವಳ ಅಪ್ಪ."

ಕೊನೆಯ ಮಾತು ಹೇಳುವಾಗ ದನಿ ಸ್ವಲ್ಪ ಹೆಚ್ಚೇ ಆಯಿತೇನೋ. ಹೆಡ್‌ಫೋನು ನೋಡುತ್ತಿದ್ದ ಒಬ್ಬ ತಿರುಗಿ ನೋಡಿದ.

ಭಾವ ನನ್ನನ್ನು ದಿಟ್ಟಿಸಿದರು. ಅದು ಕೋಪವೋ ಅಲ್ಲವೋ ತಿಳಿಯಲು ನನಗೆ ಅಭ್ಯಾಸವಿರಲಿಲ್ಲ, ಅವರ ಕೋಪಕ್ಕೆ ಕಾರಣವಾಗುವಂಥದ್ದು ನಾನು ಹಿಂದೆಂದೂ ಮಾಡಿರಲಿಲ್ಲ. ಆಮೇಲೆ ಬತಾಕ ಎತ್ತಿ ಜೇಬಿಗೆ ಹಾಕಿಕೊಂಡರು.

"ನಮ್ಮಲ್ಲಿ ಈಗ ಹಾಗೆಲ್ಲ ಇಲ್ಲ ಜೆಫ್ರಿಯವರೇ" ಎಂದರು. "ಅಪ್ಪನದ್ದೇ ನಡಿಯುದು."

"ಪಪ್ಪ!" ಯಶ್ಮಿತಾಳ ಮುಖ ಕೆಂಪಾಗಿತ್ತು. "ನೀವು ಎಲ್ಲರಿಗೂ ಮಾರ್ತೀರಿ! ನಾಳೆಯೂ ಮಾರ್ತೀರಿ!"

"ಹೌದು."

"ಮತ್ತೆ?"

"ಅವರೆಲ್ಲ ನನ್ನ ಮಕ್ಕಳಲ್ಲ."

"ದಟ್ಸ್ ವರ್ಸ್" ಎಂದಳು. ಅದು ಇನ್ನೂ ಕೆಟ್ಟದ್ದು ಎಂದು.

ಅವಳು ಹೇಳಿದ್ದು ಸರಿ. ಸಂಬಳ ಕೊಡುವ ಕೆಲಸ ಅದು, ನಾಳೆಯೂ ಕಪಾಟು ತೆಗೆಯುತ್ತೇನೆ. ತೋರಿಸುವಾಗ ಆ ಬೀದಿಯನ್ನೂ ತೋರಿಸಬೇಕೆಂದು ಆಗಲೇ ಅನ್ನಿಸಿತ್ತು, ಅದನ್ನು ಜೆಫ್ರಿ ಎಷ್ಟು ದಿನ ಬಿಡುತ್ತಾರೋ ಗೊತ್ತಿಲ್ಲ. ಆದರೆ ಅದನ್ನು ಅವಳಿಗೆ ಉತ್ತರವೆಂದು ಹೇಳಲು ಬಾಯಿ ಬರಲಿಲ್ಲ.

ಜೆಫ್ರಿ ಗೊಂದಲದಲ್ಲಿ ಇಬ್ಬರ ಮುಖವನ್ನೂ ನೋಡಿ, "ಹೋಗಿ, ಇವರನ್ನು ಮನೆಗೆ ಬಿಟ್ಟು ಬನ್ನಿ. ನಾನು ನೋಡಿಕೊಳ್ತೇನೆ" ಎಂದರು.

ಕಾರಿನಲ್ಲಿ ಭಾವ ಮುಂದೆ, ಅವಳು ಹಿಂದೆ. ಮಗ್ರಿಬಿನ ಸಂಜೆ ನಮಾಜು ಮುಗಿದು ಮಸೀದಿಯ ಎದುರು ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ನಿಧಾನಕ್ಕೆ ದಾಟಿಸಿಕೊಂಡು ಬಂದೆ. ಬೀದಿಯಲ್ಲಿ ಬಿಳಿಯ ನಿಲುವಂಗಿಯವರು ಗುಂಪು ಗುಂಪಾಗಿ ಮಾತಾಡುತ್ತ ನಡೆಯುತ್ತಿದ್ದರು. ಒಬ್ಬ ಮುದುಕ ನಮ್ಮ ಕಾರಿಗೆ ದಾರಿ ಬಿಟ್ಟು ಕೈಯೆತ್ತಿದ. ಭಾವನೂ ಕೈಯೆತ್ತಿದರು.

"ನಾನು ಮಾತು ತಪ್ಪಿದ ಮಾಮ ಆದೆ" ಎಂದರು, ಮುಂದೆ ನೋಡುತ್ತಲೇ.

"ನೀವು ತಪ್ಪಿದ್ದಲ್ಲ. ತಪ್ಪಿಸಿದ್ದು ನಾನು."

"ಹೌದು. ದಮಯಂತಿ ಹತ್ರ ಹಾಗೇ ಹೇಳಿ. ನನ್ನ ಹೆಸರು ಎಳಿಬೇಡಿ." ಸ್ವಲ್ಪ ದೂರ ಹೋದ ಮೇಲೆ, "ಇಷ್ಟು ವರ್ಷಕ್ಕೆ ನೀವು ನನ್ನ ಹತ್ರ ಬೇಡ ಅಂತ ಒಮ್ಮೆ ಹೇಳಿದ್ರಿ. ಅದೂ ನಾನು ಹೊರಡುವಾಗ" ಎಂದರು. "ಮೊದ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು? ಈ ಫ್ಲ್ಯಾಟಿಗೆ ಪಡುವಣದ ಬಿಸಿಲು ಹೊಡೀತದೆ ಅಂತ ನೀವಾದ್ರೂ ಹೇಳ್ಬೇಕಿತ್ತು."

ನನಗೆ ನಗು ಬಂತು. ಅವರಿಗೂ.

ಭಾವ ಕತ್ತು ತಿರುಗಿಸಿದರು. "ಬೇರೆ ಎಂತಾದ್ರೂ ಕೇಳು ಮಗಾ. ಇನ್ನೂ ದಿನ ಉಂಟು."

"ನಂಗೆ ಎಂತ ಬೇಡ."

"ಆಯ್ತು. ಬೇಕು ಅನಿಸಿದಾಗ ಹೇಳು. ಊರಿಂದಲೂ ಕಳಿಸ್ಲಿಕ್ಕೆ ಆಗ್ತದೆ."

ಸಿಗ್ನಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ನೋಡಿದೆ. ಫೋನು ಅವಳ ತೊಡೆಯ ಮೇಲೆ ಬೆಳಗುತ್ತಿತ್ತು, ಗುಂಪಿನ ಸಂದೇಶಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಸಿಕ್ಕಿತಾ, ಯಾವಾಗ ಬರುತ್ತೀ ಎಂದು ಕೇಳುತ್ತಿದ್ದಿರಬೇಕು. ಅವಳು ಉತ್ತರ ಬರೆಯದೆ ನೋಡುತ್ತ ಕುಳಿತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಸಂಡೇ ಕ್ಲಾಸಲ್ಲಿ ಎಂತ ಹೇಳುದು ನಾನು?" ಎಂದಳು ಕೊನೆಗೆ. ಇಲ್ಲಿ ರಜೆ ಶುಕ್ರವಾರ, ಶನಿವಾರ; ಶಾಲೆ ಮತ್ತೆ ಶುರುವಾಗುವುದು ಭಾನುವಾರ. ಪ್ರಶ್ನೆ ನನಗೋ ಮಾಮನಿಗೋ ತಿಳಿಯಲಿಲ್ಲ. ಮಾಮ ಕಿಟಕಿಯ ಕಡೆ ತಿರುಗಿದರು.

"ಪಪ್ಪ ಬೇಡ ಅಂದ್ರು ಅಂತ ಹೇಳು" ಎಂದೆ.

"ಎಲ್ರೂ ನಗಾಡ್ತಾರೆ." ಸ್ವಲ್ಪ ಯೋಚಿಸಿ, "ಲಾ ಉಂಟು, ಶಾಪಲ್ಲಿ ಕೊಡ್ಲಿಲ್ಲ ಅಂತ ಹೇಳ್ತೇನೆ. ಅದು ಬೆಟರ್. ಅದಕ್ಕೆ ಯಾರೂ ಎಂತ ಹೇಳುದಿಲ್ಲ."

ನನಗೆ ಅದು ಎಷ್ಟು ಚೆನ್ನಾಗಿ ಗೊತ್ತಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ. ಹಸಿರು ದೀಪ ಬಂತು.

"ಬೇಡ. ಪಪ್ಪ ಅಂತಲೇ ಹೇಳು."

"ಯಾಕೆ?"

"ಬೇಡ ಅಂದದ್ದು ನಾನು. ಬೈಯುದಿದ್ರೆ ನನ್ನನ್ನೇ ಬೈ."

ಸುಮಾರು ಹೊತ್ತಿನ ಮೇಲೆ ಫೋನಿನ ಮೇಲೆ ಬೆರಳಾಡುವ ಸದ್ದು ಕೇಳಿತು. ಬಗ್ಗಿ ಬರೆಯುತ್ತಿದ್ದಳು. ಏನು ಬರೆದಳೆಂದು ನಾನು ಕೇಳಲಿಲ್ಲ. ಮನೆಯ ತಿರುವು ಬಂದಾಗ ಭಾವ ಎಂದಿನ ಹಾಗೆ ಎಡಕ್ಕೆ ತೆಗೆದುಕೊಳ್ಳಿ ಎಂದು ಹೇಳಲು ಕೈಯೆತ್ತಿದವರು, ಹೇಳದೆ ಕೈ ಇಳಿಸಿದರು.